ಮಗ್ಗದ ಮ್ಯಾಲಿನ ಬಳ್ಳಿ

ವಡಗಾವಿಯೊಳಗ ದ್ರಾಕ್ಷಿ ಬೆಳಿತೈತೇನು ಅಂತ
ನಕ್ಕವರೊಳಗ ನಾನೂ ಒಬ್ಬ.
ಜೂನ್ ಬಂತಂದರ ಇಲ್ಲಿ ನಾಕು ತಿಂಗಳು
ಅರಿವಿ ಒಣಗೂದಿಲ್ಲ, ಡಬ್ಬಿಯೊಳಗಿನ ಉಪ್ಪು ನೀರಾಗತೈತಿ.
ಎಲಿ ಮ್ಯಾಲ ಹನಿ ಒಂದು ರಾತ್ರಿ ನಿಂತರ ಸಾಕು,
ಡೌನಿ ಬಿದ್ದು ಬಳ್ಳಿಯ ಕತಿ ಮುಗೀತು.

ಮಹಾನಂದಾ ಕೇಳಲಿಲ್ಲ.
ತಿಕೋಟಾದ ತವರಿನಿಂದ ಮೂರು ಕಡ್ಡಿ
ಹಸಿ ಟಾವೆಲ್ಲಿನ್ಯಾಗ ಸುತ್ತಿ, ಬಸ್ಸಿನ ದಾರಿಯುದ್ದಕ್ಕೂ
ತೊಡಿ ಮ್ಯಾಲೇ ಇಟ್ಟುಕೊಂಡು ತಂದಳು.
ಎರಡು ಸತ್ತವು.
ಟಿಳಕವಾಡಿಯೊಳಗ ಕೆಡವಿದ ಬಂಗಲೆಯ ಹದಿನೇಳು ಕಿಟಕಿ
ಗುಜರಿ ಬಾಬುಸಾಬನ ಕೈಗಾಡಿ ಏರಿ ಬಂದವು.
ಮೂರು ಕಡೆ ಗಾಜು, ನೆತ್ತಿಗೆ ಪ್ಲಾಸ್ಟಿಕ್ಕು,
ಮಗ್ಗದ ಶೆಡ್ಡಿನ ಮಾಳಿಗಿ ಮ್ಯಾಲ ಇನ್ನೊಂದು ಮನಿ.
ಬೇರು ಹಿತ್ತಲದಾಗ, ತಲಿ ಗಾಜಿನ ಮನಿಯಾಗ;
ನಡುವಿನ ಕಾಂಡ ನಮ್ಮ ಗ್ವಾಡಿಗುಂಟ ಏರಿ
ತೆಂಗಿನಕಾಯಿಯಷ್ಟು ತೂತಿನಿಂದ ಒಳಗ ಹೊಕ್ಕಿತು,
ಕರೀದ ನೌಕರನ ಹಂಗ, ಸದ್ದಿಲ್ಲದ.

ಒಂಬತ್ತಕ್ಕ ಕಿಟಕಿ ತಗೀತಾಳ, ಇಲ್ಲಂದರ ಬೂದಿರೋಗ.
ಅಸರ್ ಬಾಂಗಿನ ಹೊತ್ತಿಗೆ ಮುಚ್ಚತಾಳ, ಇಲ್ಲಂದರ ಥಂಡಿ.
ಸೀರಿ ಎಳಿ ಕತ್ತರಿಸೋ ನನ್ನ ಸಣ್ಣ ಕತ್ತರಿ
ಈಗ ಆಕಿ ಸೊಂಟದಾಗ ಇರತೈತಿ.

ಮೊದಲ ಚಾಟ್ನಿಗೆ ನಾನು ಅಡ್ಡ ನಿಂತೆ.
ಕೊಯ್ದ ತುದಿಯಿಂದ ತೊಟ್ಟು ತೊಟ್ಟು ನೀರು.
"ಅಳಾಕತ್ತೈತಿ" ಅಂದೆ.
"ಅಳೂದಲ್ರೀ, ಬೇರಿಗೆ ಎಚ್ಚರ ಆಗೇತಿ"
ಅಂದು ಇನ್ನೊಂದು ಕಡ್ಡಿ ಕೊಯ್ದಳು.
ಎರಡು ಕಣ್ಣು ಉಳಿಸಿ ಉಳಿದದ್ದೆಲ್ಲ ಕೆಳಗ.
ಅಷ್ಟು ಬೆಳೆಸಿದ್ದು ಇದಕ್ಕೇನು ಅಂತ ಕೇಳಾಕ ಬಾಯಿ ತೆರೆದೆ,
ಕೇಳಲಿಲ್ಲ.

ಮೂರನೆ ವರ್ಷ, ನವೆಂಬರ್.
ಓಣಿಯ ಟಿಸಿ ಸುಟ್ಟು ಹನ್ನೊಂದು ದಿನ ಕರೆಂಟಿಲ್ಲ.
ನಾಕೂ ಮಗ್ಗ ಬಾಯಿ ಬಿಟ್ಟು ನಿಂತವು.
ಹುಟ್ಟಿದಾಗಿನಿಂದ ಕೇಳಿದ ಖಟಖಟ ಇಲ್ಲದ
ರಾತ್ರಿ ನಿದ್ದಿ ಬರಲಿಲ್ಲ, ಕಿವಿಯೊಳಗ
ಬಾವಿಗೆ ಬಿದ್ದಂಗ.

ಎದ್ದು ಮ್ಯಾಲ ಹೋದೆ. ಹೂ ಬಂದಿತ್ತು.
ಹೂ ಅಂದರ ಏನು, ಹಸರು ಧೂಳು.
ಸಣ್ಣ ಟೊಪಗಿ ಕಳಚಿ ಬೀಳಿಸಿ
ಎಳಿಯಂಥ ಐದು ಕೂದಲು ಹೊರಗ ಚಾಚಿದ್ದವು.
ವಾಸನಿ ಐತಿ ಅಂದರ ಐತಿ, ಇಲ್ಲಂದರ ಇಲ್ಲ.
ಮಹಾನಂದಾ ಮೊದಲೇ ಅಲ್ಲಿದ್ದಳು, ಕಂದೀಲು ಹಿಡಕೊಂಡು,
ತಂತಿಗೆ ಕೈ ಹಚ್ಚಿ ನಾಡಿ ನೋಡೋರ ಹಂಗ.
"ಒಳಗ ಗಾಳಿ ಇಲ್ಲ" ಅಂದಳು.
"ಇಷ್ಟು ವರ್ಷ ನಿಮ್ಮ ಮಗ್ಗ ಅಲುಗಾಡಿಸತಿತ್ತು."

ಈ ಮಾತು ಯಾಕ ಹೇಳಿರಲಿಲ್ಲ?
ಕೇಳಿದರ, "ಹೇಳಿದ್ದರ ನೀವು ಪಗಾರ ಕೇಳತಿದ್ದಿರಿ."

ಮರುದಿನ ಬಿಸಿಲು ಏರಿ ಹೂ ಒಣಗಿದ ಹೊತ್ತು, ಹನ್ನೊಂದಕ್ಕ,
ಲಾಳಿ ಒಂದು ತಂದು ತಂತಿಗೆ ಬಡಿದೆ.
ಮೆಲ್ಲಕ. ಎರಡನೆ ಏಟಿಗೆ ಕೈ ತಾನಾಗಿ
ಲೆಕ್ಕ ಹಿಡೀತು, ಅಪ್ಪ ಕೈಮಗ್ಗದ ಮುಂದ
ಹಲಗಿ ಎಳೆಯೋ ಲೆಕ್ಕ.
ಹಳದಿ ಹುಡಿ ಮೊಣಕೈ ಮ್ಯಾಲ ಕುಂತಿತು.
ಆಕಿ ನೋಡುತ್ತ ನಿಂತಳು, ನಗಲಿಲ್ಲ.
ಏಳು ದಿನ ಬಡಿದೆ.
ನೀರಿನ ಟಾಕಿ ಹಿಂದಿನ ಮೂಲಿಗೆ ಕೈ ಮುಟ್ಟಲಿಲ್ಲ.

ಕಾಯಿ ಜ್ವಾಳದ ಕಾಳಿನಷ್ಟಾದಾಗ
ಒಂದು ಬಿಟ್ಟು ಒಂದು ಕತ್ತರಿಸಿದಳು.
ಈ ಸಲ ಪಾತ್ರಿ ಹಿಡಿದು ಕೆಳಗ ಕುಂತಿದ್ದೆ.

ಫೆಬ್ರುವರಿಯೊಳಗ ಗೊನಿ ಜಗ್ಗಿ ತಂತಿ ಬಾಗಿತು.
ಬಾಬುಸಾಬನ ಮನಿಗೆ ಎರಡು,
ಟಿಸಿ ರಿಪೇರಿ ಮಾಡಿದ ಹುಡುಗಗ ಒಂದು.
ಟಾಕಿ ಹಿಂದಿನ ಗೊನಿ ಮಾತ್ರ ಬರೀ ದಂಟು,
ನಡುನಡುವ ಮೆಣಸಿನಷ್ಟು ಹಣ್ಣು:
ಎಳಿ ಹರಿದಿದ್ದು ನೋಡದ ನೇಯ್ದ ಸೀರಿ.
ಅದನ್ನ ನನ್ನ ತಾಟಿನ್ಯಾಗ ಇಟ್ಟಳು.

ತಿಂದೆ.
ಆ ಸಣ್ಣವು ಬಾಳ ಸೀ ಇದ್ದವು.
ಆಕಿಗೆ ಹೇಳಿಲ್ಲ.